ಮುಂಡಪ್ಪನವರ ವಿಲಾಯತಿ ಸೈಕಲ್ಲು

ಮುಂಡಪ್ಪನವರು ಸುಳ್ಳು ಹೇಳುತ್ತಾರೆಂದು ಡೊಂಬಿವಲಿಯಲ್ಲಿ ಯಾರೂ ದೂರುವಂತಿಲ್ಲ. ರಬಾಳೆಯ ಬಣ್ಣದ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಅವರು ಅರ್ಧ ಆಯುಷ್ಯ ಕಳೆದದ್ದೇ ಹಸಿರು ಡಬ್ಬಿಯನ್ನು ಹಸಿರೆಂದೂ ನೀಲಿ ಡಬ್ಬಿಯನ್ನು ನೀಲಿಯೆಂದೂ ಹೇಳಿಕೊಂಡು. ಆದರೆ ನೆಂಟರ ಮುಂದೆ ಕುಳಿತಾಗ ಮಾತ್ರ ಅವರ ಬಾಯಲ್ಲಿ ಸತ್ಯ ಸ್ವಲ್ಪ ಉಬ್ಬುತ್ತಿತ್ತು. ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಎದುರು ಕುಳಿತವರಿಗೆ ಬೇಸರವಾದೀತಲ್ಲ ಎಂಬ ಸೌಜನ್ಯ, ಅಷ್ಟೆ. ಆ ಸೌಜನ್ಯವೇ 2013ರ ಡಿಸೆಂಬರಿನ ಒಂದು ಆದಿತ್ಯವಾರ ಬೆಳಿಗ್ಗೆ ಅವರಿಗೆ ದಿವಾನರ ಕೋಟು ತೊಡಿಸಿ, ಘಣಸೋಲಿಯ ನಡುರಸ್ತೆಯಲ್ಲಿ, ಪಾತ್ರೆ ಹಿಡಿದ ಹೆಂಗಸರ ಮಧ್ಯೆ ತಂದು ನಿಲ್ಲಿಸಿತು.

ಆದದ್ದು ಹೀಗೆ.

ಮುಂಡಪ್ಪನವರ ಮಗಳು ಪೂಜಿತಾ ಥಾಣೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಪಕ್ಕದ ಮೇಜಿನಲ್ಲಿ ಸುಜನ್ ಎಂಬ ಹುಡುಗನಿದ್ದ. ಅವನೂ ಉಡುಪಿ ಕಡೆಯವರ ಮಗನೇ. ಹುಡುಗ ಹುಡುಗಿ ತಮ್ಮತಮ್ಮಲ್ಲೇ ಎಲ್ಲವನ್ನೂ ಹಿಂದಿಯಲ್ಲಿ ತೀರ್ಮಾನಿಸಿಕೊಂಡು, ಇನ್ನು ಕನ್ನಡದಲ್ಲಿ ಮಾತಾಡುವುದಷ್ಟೇ ಬಾಕಿ ಎಂದು ಅದನ್ನು ಹಿರಿಯರಿಗೆ ಬಿಟ್ಟುಕೊಟ್ಟರು. ಹಾಗಾಗಿ ಮುಂಡಪ್ಪನವರು ಹೆಂಡತಿ ಪುಷ್ಪಾವತಿಯವರನ್ನು ಕರೆದುಕೊಂಡು ಘಣಸೋಲಿಯ ಹೊಸ ಸೆಕ್ಟರಿನಲ್ಲಿದ್ದ ಸುಜನ್‌ನ ಮನೆಗೆ ಹೋದರು.

ಸುಜನ್‌ನ ತಂದೆ ಹರಿಶ್ಚಂದ್ರರಿಗೆ ಘೋಡಬಂದರ್ ರಸ್ತೆಯಲ್ಲಿ ದೊಡ್ಡ ಹೋಟೆಲಿತ್ತು. ಮಾತೆತ್ತಿದರೆ "ಮನೆತನ" ಎನ್ನುವ ಮನುಷ್ಯ. ಅವರ ಹಾಲ್‌ನಲ್ಲಿ ಕೂರಲು ಜಾಗ ಕಡಿಮೆ, ನೋಡಲು ಸಾಮಾನು ಜಾಸ್ತಿ.

"ನೋಡಿ ಮುಂಡಪ್ಪಣ್ಣ, ಇದು ನನ್ನ ಅಜ್ಜನ ಗ್ರಾಮೊಫೋನು. ಹಾಡುವುದಿಲ್ಲ. ಆದ್ರೂ ಇಡಬೇಕಲ್ಲ? ಮನೆತನ ಅಂತ ಒಂದು ಉಂಟಲ್ಲ ಮಾರಾಯ್ರೆ!"

ಅಷ್ಟರಲ್ಲಿ ಹರಿಶ್ಚಂದ್ರರ ಹೆಂಡತಿ ರಮಾಮಣಿ ಇಡ್ಲಿಯ ತಟ್ಟೆ ತಂದಿಟ್ಟರು.

"ತಿನ್ನಿ, ತಿನ್ನಿ," ಎಂದರು ಹರಿಶ್ಚಂದ್ರರು. "ನನ್ನ ಹೋಟೆಲಿನಲ್ಲಿ ದಿನಾ ಮೂಟೆಗಟ್ಟಲೆ ಅಕ್ಕಿ ರುಬ್ಬುತ್ತಾರೆ. ಆದ್ರೆ ಅಲ್ಲಿಯ ಇಡ್ಲಿ ನಾನು ಬಾಯಿಗೆ ಇಡುವುದಿಲ್ಲ. ಬೆಳಿಗ್ಗೆ ನನಗೆ ಇವಳ ಕೈಯದ್ದೇ ಆಗಬೇಕು. ಇಂಥ ಇಡ್ಲಿ ಇಡೀ ನವಿ ಮುಂಬಯಿಯಲ್ಲಿ ಯಾರೂ ಮಾಡುವುದಿಲ್ಲ."

ರಮಾಮಣಿಯವರಿಗೆ ಇದ್ದಕ್ಕಿದ್ದಂತೆ ಅಡುಗೆಮನೆಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ಮುಂಡಪ್ಪನವರು ಒಂದು ತುಂಡು ಬಾಯಿಗಿಟ್ಟರು. ಈ ರುಚಿಯನ್ನು ತಾನೆಲ್ಲೋ ನಿಂತುಕೊಂಡು ತಿಂದಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಹರಿಶ್ಚಂದ್ರರು ಆಗಲೇ ಮುತ್ತಜ್ಜಿಯ ಹಂಡೆ, ದೊಡ್ಡಪ್ಪನ ಊರುಗೋಲು, ಸೋದರಮಾವನ ಎಲೆಯಡಿಕೆ ಪೆಟ್ಟಿಗೆಗಳನ್ನು ದಾಟಿ ಗೋಡೆ ಗಡಿಯಾರದ ವಂಶಾವಳಿಗೆ ಬಂದಿದ್ದರು. ಇನ್ನೂ ಸುಮ್ಮನಿದ್ದರೆ ತಮ್ಮ ಪೂರ್ವಜರು ನೆಲದಿಂದ ಎದ್ದು ಬಂದವರೆಂದೇ ಈ ಮನುಷ್ಯ ತಿಳಿದಾನು ಎಂದು ಮುಂಡಪ್ಪನವರಿಗೆ ತೋರಿತು.

"ನಮ್ಮಲ್ಲಿಯೂ ಒಂದು ಉಂಟು," ಎಂದರು. "ಅಜ್ಜನ ಸೈಕಲ್ಲು."

"ಸೈಕಲ್ಲಾ?"

"ವಿಲಾಯತಿಯದ್ದು. ಹಡಗಿನಲ್ಲಿ ಮಂಗಳೂರು ಬಂದರಿಗೆ ಬಂದು ಇಳಿದದ್ದು. ಅಜ್ಜ ಅದರಲ್ಲಿ ಹೋಗುವಾಗ ಪೇಟೆಯೇ ಎದ್ದು ನಿಲ್ಲುತ್ತಿತ್ತು."

ಪುಷ್ಪಾವತಿಯವರು ಮೇಜಿನ ಅಡಿಯಲ್ಲಿ ಗಂಡನ ಕಾಲು ತುಳಿದರು. "ಈಗ ಎಲ್ಲಿ ಉಂಟು ಅದು?" ಎಂದು ಹರಿಶ್ಚಂದ್ರರು ಕೇಳಿದರು. ಊರಿನಲ್ಲಿ ಉಂಟು ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕಾಲಿನ ನೋವಿಗೆ ಮುಂಡಪ್ಪನವರ ಬಾಯಿಂದ "ಡೊಂಬಿವಲಿಯಲ್ಲೇ, ಮನೆಯಲ್ಲೇ!" ಎಂದು ಬಂದುಬಿಟ್ಟಿತು.

ಹರಿಶ್ಚಂದ್ರರು ಕುರ್ಚಿಯಿಂದ ಎದ್ದೇಬಿಟ್ಟರು. "ಅರೆ! ಬರುವ ಶನಿವಾರ, ಆದಿತ್ಯವಾರ ನಮ್ಮ ಸೆಕ್ಟರಿನ ಮೈದಾನದಲ್ಲಿ ಹಳೇ ಸೈಕಲಿನ ಉತ್ಸವ ಉಂಟು. ರೆಟ್ರೊ ರೈಡ್ ಅಂತ. ಒಂದು ದಿನ ಪ್ರದರ್ಶನ, ಮರುದಿನ ಸವಾರಿ. ಸ್ವಾಗತ ಸಮಿತಿಗೆ ನಾನೇ ಅಧ್ಯಕ್ಷ! ನೀವು ಆ ಸೈಕಲ್ ತರಲೇಬೇಕು. ಮದುವೆ ತಾರೀಕಿನ ಮಾತು ಆಮೇಲೆ ಮಾಡುವ. ಅಜ್ಜನ ಸೈಕಲ್ ಇಟ್ಟುಕೊಂಡ ಮನೆಯಿಂದ ಕಣ್ಣು ಮುಚ್ಚಿ ಹೆಣ್ಣು ತರಬಹುದು."

ಮರಳುವ ರೈಲಿನಲ್ಲಿ ಪುಷ್ಪಾವತಿಯವರು ಥಾಣೆಯವರೆಗೆ ಕಿಟಕಿಯ ಹೊರಗೇ ನೋಡಿದರು. ಥಾಣೆಯಲ್ಲಿ ಗಾಡಿ ಬದಲಿಸಿದಾಗಲೂ ಕಿಟಕಿಯ ಪಕ್ಕವನ್ನೇ ಹಿಡಿದರು. ಕಳ್ವಾ ಹೋಯಿತು. ಮುಂಬ್ರಾದ ಗುಡ್ಡ ಕಂಡಿತು.

"ನಿಮ್ಮ ಅಜ್ಜ ಎಂತ ಓಡಿಸುತ್ತಿದ್ದದ್ದು?" ಎಂದು ಆಗ ಕೇಳಿದರು.

"ಕೋಣ."

"ಕೋಣಕ್ಕೆ ಪೆಡಲ್ ಉಂಟಾ?"

"ಮಾತಿಗೆ ಬಂತು, ಹೇಳಿದೆ."

"ಈರೆಗ್ ಮರ್ಲಾ?" ಎಂದರು ಪುಷ್ಪಾವತಿ. ನಿಮಗೆ ಹುಚ್ಚಾ ಎಂದು ಅರ್ಥ. ಅವರು ರೈಲಿನಲ್ಲಿ ತುಳುವಿಗೆ ಇಳಿದರೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ತಿಳಿಯಬೇಕು. ಆ ಹೊತ್ತಿಗೆ ಸರಿಯಾಗಿ ಪೂಜಿತಾಳ ಫೋನು ಬಂತು. "ಪಪ್ಪಾ, ಅಪ್ನಾ ಸೈಕಲ್ ಕಹಾಂ ಹೈ? ಸುಜನ್ ಫೋಟೊ ಮಾಂಗ್ ರಹಾ ಹೈ!" ನಮ್ಮ ಸೈಕಲ್ ಎಲ್ಲಿ, ಸುಜನ್ ಫೋಟೊ ಕೇಳುತ್ತಿದ್ದಾನೆ ಎಂದು.

ಮರುದಿನದಿಂದ ಮುಂಡಪ್ಪನವರ ಹುಡುಕಾಟ ಶುರುವಾಯಿತು. ಡೊಂಬಿವಲಿಯ ಸೈಕಲ್ ಅಂಗಡಿಯವನು ಗೇರಿನ ಸೈಕಲ್ಲುಗಳನ್ನು ಸಾಲಾಗಿ ತೋರಿಸಿದ. ಇವು ಬೇಡ, ಅಜ್ಜನ ಕಾಲದ್ದು ಬೇಕು ಎಂದಾಗ, "ಕಾಕಾ, ಇದನ್ನೇ ಒಯ್ಯಿರಿ, ನಿಮ್ಮ ಮೊಮ್ಮಗನ ಕಾಲಕ್ಕೆ ಅಜ್ಜನ ಕಾಲದ್ದಾಗ್ತದೆ," ಎಂದ. ಮುಂಬ್ರಾದ ಗುಜರಿಯಲ್ಲಿ ಒಂದು ಹಳೇ ಸೈಕಲ್ ಸಿಕ್ಕಿತು, ಅದಕ್ಕೆ ಚಕ್ರಗಳಿರಲಿಲ್ಲ. ಕಲ್ಯಾಣದಲ್ಲಿ ಚಕ್ರಗಳು ಸಿಕ್ಕಿದವು, ಅವು ಕೈಗಾಡಿಯವು. ಅಷ್ಟರಲ್ಲಿ ಹೌಸಿಂಗ್ ಸೊಸೈಟಿಯಲ್ಲಿ ಸುದ್ದಿ ಹಬ್ಬಿ, ಮೇಲಿನ ಮನೆಯ ಜಯಶೀಲರು ತಮ್ಮ ಮೊಮ್ಮಗುವಿನ ಮೂರು ಗಾಲಿಯ ಸೈಕಲ್ಲನ್ನು ಬಾಗಿಲ ಮುಂದೆ ತಂದಿಟ್ಟು, "ಇದಕ್ಕೂ ತುಂಬ ವಯಸ್ಸಾಗಿದೆ, ಆಗ್ತದಾ ನೋಡಿ," ಎಂದು ಹೋದರು.

ಗುರುವಾರ ಬೆಳಿಗ್ಗೆ ಮುಂಡಪ್ಪನವರು ಕಾರ್ಖಾನೆಯ ಗೇಟಿನ ಹೊರಗೆ ನಿಂತು ಎಂದಿನಂತೆ ಇಡ್ಲಿ ತಿನ್ನುತ್ತಿದ್ದರು. ಮನೆಯಲ್ಲಿ ಇದು ಗೊತ್ತಿರಲಿಲ್ಲ. ಉಡುಪಿಯವರೊಬ್ಬರು ಸೈಕಲ್ ಮೇಲಿನ ಇಡ್ಲಿ ತಿನ್ನುವುದು ಗೊತ್ತಾಗುವಂಥ ವಿಷಯವೂ ಅಲ್ಲ. ಇಡ್ಲಿ ಮಾರುವ ಹಣಮಂತ್ರಾಯ ರಾಯಚೂರು ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದವನು, ಹೆಂಡತಿ ಮರೆಮ್ಮ ಒಮ್ಮೆ ಕೂಲಿಯವರ ಮೇಲಿನ ಮುಕಾದಮನಿಗೆ ಇಡ್ಲಿ ಮಾಡಿಕೊಟ್ಟದ್ದೇ ನೆಪವಾಗಿ, ಸಿಮೆಂಟು ಬಿಟ್ಟು ಹಿಟ್ಟು ಹಿಡಿದಿದ್ದ. ಬೆಳಿಗ್ಗೆ ಘಣಸೋಲಿಯ ಸೆಕ್ಟರುಗಳಲ್ಲಿ ಸುತ್ತಿ, ಆಮೇಲೆ ಕಾರ್ಖಾನೆಗಳ ಕಡೆ ಬರುತ್ತಿದ್ದ. ಅವನ ದನಿಗೆ ಗೇಟಿನ ತಗಡು ನಡುಗುತ್ತಿತ್ತು.

"ಏನ್ರಿ ಸಾಹೇಬ್ರ, ಎಲ್ಲಿ ಐತ್ರಿ ಖಬರು? ಚಟ್ನಿ ಬಿಟ್ಟು ಕೈ ತೊಳೆಯೋ ನೀರಾಗ ಇಡ್ಲಿ ಅದ್ದಾಕತ್ತೀರಲ್ರಿ!"

ಮುಂಡಪ್ಪನವರು ಬೆಚ್ಚಿ ತಲೆಯೆತ್ತಿದರು. ಎತ್ತಿದ ಕಣ್ಣು ಇಡ್ಲಿಯ ಪಾತ್ರೆಯಿಂದ ಕೆಳಗಿಳಿದು ಸೈಕಲ್ಲಿನ ಮೇಲೆ ನಿಂತಿತು. ವರ್ಷಗಟ್ಟಲೆ ನೋಡಿದ್ದರೂ ಅದನ್ನು ಅವರು ಕಂಡಿರಲಿಲ್ಲ. ಕೋಣದಷ್ಟು ಎತ್ತರ, ಕೋಣದಷ್ಟೇ ಕಪ್ಪು. ತಂತಿಯ ಬದಲು ಕಬ್ಬಿಣದ ಸರಳಿನ ಬ್ರೇಕು. ಚೈನು ಮುಚ್ಚುವ ತಗಡಿನ ಮೇಲೆ ಸವೆದ ಇಂಗ್ಲಿಷ್ ಅಕ್ಷರಗಳು. ಹ್ಯಾಂಡಲಿನಲ್ಲಿ ಸೊಟ್ಟಗಿನ ಹಿತ್ತಾಳೆ ಕೊಳವೆ, ಅದರ ತುದಿಗೆ ರಬ್ಬರಿನ ಉಂಡೆ. ಒತ್ತಿದರೆ ಪೋಂ ಪೋಂ ಎನ್ನುವ ಭೋಂಪು.

"ಹಣಮಂತ್ರಾಯ, ಈ ಸೈಕಲ್ ಎಲ್ಲಿಯದ್ದಪ್ಪಾ?"

"ಥಾಣೆದಾಗ ಒಬ್ಬ ಪಾರ್ಸಿ ಮುದುಕಾ ಕೊಟ್ಟಿದ್ದು ರೀ. ಇದು ನನ್ನ ಎರಡನೇ ಹೇಣ್ತಿ ಇದ್ದಂಗ. ಮರೆಮ್ಮನ ಮುಂದ ಹೇಳಬ್ಯಾಡ್ರಿ ಮತ್ತ."

"ಎರಡು ದಿನಕ್ಕೆ ನನಗೆ ಕೊಡ್ತೀಯಾ?"

"ಹೇಣ್ತಿನ ಯಾರರ ಎರವಲಾ ಕೊಡ್ತಾರೇನ್ರಿ?"

ಮುಂಡಪ್ಪನವರು ಮಗಳ ಮದುವೆಯ ಕಥೆಯನ್ನು ಹೇಳಿದರು. ಹಣಮಂತ್ರಾಯ ಕೇಳಿ ಕೇಳಿ ನಕ್ಕ. ಶನಿವಾರ ಹೇಗೂ ಅವನು ಮುಂಬ್ರಾದಲ್ಲಿ ಮೈದುನನ ಮಗುವಿನ ತೊಟ್ಟಿಲಿಗೆ ಹೋಗಬೇಕಿತ್ತು. ಆದಿತ್ಯವಾರ ಆಟೋದಲ್ಲಿ ಪಾತ್ರೆ ಇಟ್ಟುಕೊಂಡು ಉತ್ಸವದ ಮೈದಾನಕ್ಕೇ ಹೋಗಿ ವ್ಯಾಪಾರ ಮಾಡುವುದೆಂದು ಅಲ್ಲೇ ಯೋಚನೆ ಹಾಕಿದ. ಬಾಡಿಗೆಯಾಗಿ ಅವನು ಕೇಳಿದ್ದು ಕಾರ್ಖಾನೆಯ ಒಂದು ಡಬ್ಬಿ ಹಳದಿ ಬಣ್ಣ. ಮರೆಮ್ಮನಿಗೆ ತಾವಿದ್ದ ಒಂದು ಕೋಣೆಯ ಖೋಲಿಯ ಬಾಗಿಲು ಹಳದಿ ಮಾಡಿಸುವ ಆಸೆಯಿತ್ತು.

"ಇನ್ನೊಂದು ಮಾತು ರೀ. ಭೋಂಪು ಮಾತ್ರ ಒತ್ತಬ್ಯಾಡ್ರಿ. ಆ ಏರಿಯಾದಾಗ ಅದರ ಸಪ್ಪಳಾ ಕೇಳಿದ್ರ ಮಂದಿ ಸುಮ್ನ ಕುಂದ್ರಂಗಿಲ್ಲ. ಬಿಚ್ಚಿ ಇಟ್ಕೊಳ್ಲೇನು?"

"ಛೆ ಛೆ, ಇರಲಿ ಇರಲಿ. ಸೈಕಲಿಗೆ ಶೋಭೆಯೇ ಅದು," ಎಂದರು ಮುಂಡಪ್ಪನವರು. ಮೊದಲಿನ ಮಾತು ಅವರ ಕಿವಿಯೊಳಗೆ ಹೋಗಿರಲೇ ಇಲ್ಲ.

ಕಾರ್ಖಾನೆಯ ಶೆಡ್ಡಿನಲ್ಲಿ ಅವರು ಸೈಕಲ್ಲನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದರು. ಕಪ್ಪು ಬಣ್ಣ ಬಳಿದರು, ಅಂಚಿಗೆ ಬಂಗಾರದ ಗೆರೆ ಎಳೆದರು. ಹೋಗದೇ ಉಳಿದದ್ದು ವಾಸನೆಯೊಂದೇ. ಎಷ್ಟೋ ವರ್ಷಗಳ ಸಾಂಬಾರು ಕಬ್ಬಿಣದೊಳಗೆ ಇಳಿದಿತ್ತು. ಅದರ ಮೇಲೆ ಗುಲಾಬಿ ಅತ್ತರು ಸವರಿದರು. ಆಮೇಲೆ ಸೈಕಲ್ಲಿಗೆ ಗುಲಾಬಿ ಸಾಂಬಾರಿನ ವಾಸನೆ ಬಂತು.

ಇನ್ನು ವೇಷ. ಅಜ್ಜನ ಕಾಲದ ಉಡುಪಿನಲ್ಲಿ ಬರಬೇಕೆಂದು ಉತ್ಸವದ ನಿಯಮ. ಡೊಂಬಿವಲಿಯ ಕನ್ನಡ ನಾಟಕ ಮಂಡಳಿಯವರ ಪೆಟ್ಟಿಗೆಯಲ್ಲಿ ಮುಂಡಪ್ಪನವರ ಹೊಟ್ಟೆಗೆ ಒಪ್ಪಿದ್ದು ದಿವಾನನ ಪಾತ್ರದ ಕೋಟು ಒಂದೇ. ಭುಜದ ಮೇಲೆ ಜರಿಯ ಕುಚ್ಚು, ಎದೆಯ ಮೇಲೆ ಮೂರು ಪದಕ. ಪುಷ್ಪಾವತಿಯವರು ನೋಡಿ, "ಅಜ್ಜ ಕೋಣ ಓಡಿಸಿದ್ದಕ್ಕೆ ಸರಕಾರ ಪದಕ ಕೊಟ್ಟದ್ದಾ?" ಎಂದು ಕೇಳಿದರು. ಮುಂಡಪ್ಪನವರು ಜರಿ ಪೇಟವನ್ನು ಸರಿಮಾಡಿಕೊಂಡರು.

ಶನಿವಾರ ಮೈದಾನವೆಲ್ಲ ಸೈಕಲ್ಲು. ಕೆಲವಕ್ಕೆ ಸೀಮೆಎಣ್ಣೆಯ ದೀಪ, ಕೆಲವಕ್ಕೆ ಬೆತ್ತದ ಬುಟ್ಟಿ. ಒಂಬತ್ತು ಗಜದ ನವವಾರಿ ಸೀರೆಯ ಹೆಂಗಸರು, ಬೂಟು ಕಟ್ಟಿ ಪಂಚೆಯುಟ್ಟ ಗಂಡಸರು, ಎಲ್ಲರೂ ಒಬ್ಬರ ಫೋಟೊ ಒಬ್ಬರು ತೆಗೆಯುತ್ತಿದ್ದರು. ಹರಿಶ್ಚಂದ್ರರು ದೊರೆಗಳ ಕಾಲದ ಬಿಳಿ ಟೊಪ್ಪಿ ಇಟ್ಟುಕೊಂಡು ಓಡಾಡುತ್ತ, ಸಿಕ್ಕಿದವರಿಗೆಲ್ಲ "ನಮ್ಮ ಬೀಗರಾಗುವವರು, ಅವರದ್ದೇ ಅದು, ವಿಲಾಯತಿಯದ್ದು," ಎಂದು ತೋರಿಸುತ್ತಿದ್ದರು.

ತೀರ್ಪುಗಾರರಾಗಿ ಬಂದಿದ್ದವರು ಪುಂಡರೀಕಾಕ್ಷರು. ಬೆಂಗಳೂರಿನವರು, ಹಳೇ ಸೈಕಲ್ಲಿನ ಬಗ್ಗೆ ತಿಳಿಯದ್ದಿಲ್ಲ ಎಂಬ ಹೆಸರು. ಅವರು ಭೂತಗನ್ನಡಿ ಹಿಡಿದು ಮುಂಡಪ್ಪನವರ ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಬಂದು, ಹಿಂದಿನ ಕ್ಯಾರಿಯರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಅಲ್ಲಿ ಇಡ್ಲಿಯ ಪಾತ್ರೆ ಕೂರಿಸಲು ಹಣಮಂತ್ರಾಯ ಬೆಸುಗೆ ಹಾಕಿಸಿದ ಕಬ್ಬಿಣದ ದೊಡ್ಡ ಬಳೆಯಿತ್ತು. ಅದನ್ನು ತೆಗೆಸಲು ಮುಂಡಪ್ಪನವರಿಗೆ ಆಗಿರಲಿಲ್ಲ.

"ಏನ್ ಸಾರ್ ಈ ರಿಂಗು? ನಾನು ಯಾವ ಗಾಡಿಲೂ ನೋಡಿಲ್ವಲ್ಲ ಇದನ್ನ?"

ಮುಂಡಪ್ಪನವರು ಆಕಾಶ ನೋಡಿದರು. "ಟೊಪ್ಪಿಗೆ."

"ಯಾರ ಟೊಪ್ಪಿ?"

"ದೊರೆಯದ್ದು. ಅಜ್ಜನೊಟ್ಟಿಗೆ ದೊರೆ ಸವಾರಿ ಹೋಗುವಾಗ ಟೊಪ್ಪಿ ಇಡ್ಲಿಕ್ಕೆ."

"ಇಷ್ಟು ದೊಡ್ಡ ತಲೆನಾ ಸಾರ್?"

"ಕಲೆಕ್ಟರ್ ಅಲ್ವಾ?"

ಪುಂಡರೀಕಾಕ್ಷರು ಗಂಭೀರವಾಗಿ ತಲೆದೂಗಿ ಬಳೆಯ ಫೋಟೊ ತೆಗೆದರು. ಹ್ಯಾಂಡಲಿನಲ್ಲಿದ್ದ ಚಟ್ನಿ ಕ್ಯಾನಿನ ಕೊಕ್ಕೆ ಲಾಟೀನಿನದ್ದಾಯಿತು. ಆಮೇಲೆ ಅವರು ಚೈನಿನ ಹತ್ತಿರ ಮೂಗು ಒಯ್ದರು. ಮೂಗು ಅಲ್ಲಿಂದ ಬೇಗ ಹಿಂದಕ್ಕೆ ಬರಲಿಲ್ಲ.

"ಇಂಗು ವಾಸನೆ ಬರ್ತಿದೆ?"

"ಆ ಕಾಲದ ಗ್ರೀಸು. ಮನೆಯಲ್ಲಿಯೇ ಮಾಡ್ತಿದ್ರು."

"ಹರ್ಬಲ್ಲು!" ಎಂದು ಉದ್ಗರಿಸಿದ ಪುಂಡರೀಕಾಕ್ಷರು ಹರಿಶ್ಚಂದ್ರರ ಕೈ ಕುಲುಕಿದರು. "ಸಾರ್, ಇಡೀ ಮೈದಾನದಲ್ಲಿ ಇಂಥದ್ದು ಇನ್ನೊಂದಿಲ್ಲ. ನಾಳೆ ಸವಾರಿಗೆ ಈ ಗಾಡೀನೇ ಮುಂದೆ ಇರ್ಬೇಕು."

ಹರಿಶ್ಚಂದ್ರರ ಎದೆ ಕೋಟಿನ ಗುಂಡಿಗಳಿಗೆ ಕಷ್ಟ ಕೊಟ್ಟಿತು. ಅಲ್ಲೇ ಎಲ್ಲರೆದುರು "ಬೀಗರೇ!" ಎಂದು ಮುಂಡಪ್ಪನವರನ್ನು ತಬ್ಬಿಕೊಂಡು, ನಾಳೆ ಸವಾರಿಯ ಹೊತ್ತಿಗೆ ಪುಷ್ಪಾವತಿ ಅಕ್ಕ ತಮ್ಮ ಮನೆಗೇ ಬರಬೇಕು, ತಿಂಡಿ ತಿನ್ನುತ್ತ ಕಿಟಕಿಯಿಂದಲೇ ಮೆರವಣಿಗೆ ನೋಡಬಹುದು ಎಂದು ಆಮಂತ್ರಣವನ್ನೂ ಕೊಟ್ಟರು.

ಆದಿತ್ಯವಾರ ಬೆಳಿಗ್ಗೆ ಮುಂಡಪ್ಪನವರನ್ನು ಸೈಕಲ್ಲಿಗೆ ಹತ್ತಿಸುವುದೇ ಒಂದು ಸಮಾರಂಭವಾಯಿತು. ಅವರಿಗೆ ಸೈಕಲ್ ಬಿಡಲು ಬರುತ್ತಿತ್ತು. ಹತ್ತಲು ಮಾತ್ರ ಕಟ್ಟೆ ಬೇಕು, ಇಳಿಯಲು ಗೋಡೆ ಬೇಕು. ಭಾಷಣದ ವೇದಿಕೆಯ ಮೆಟ್ಟಿಲಿನಿಂದ ಅವರನ್ನು ಸೀಟಿಗೆ ದಾಟಿಸಿ, ನಾಲ್ಕು ಮಂದಿ ಹಿಂದಿನಿಂದ ದೂಡಿದರು. ಮೆರವಣಿಗೆ ಹೊರಟಿತು. ಮುಂದೆ ಜರಿ ಪೇಟದ ಮುಂಡಪ್ಪನವರು, ಅವರ ಬೆನ್ನಿಗೇ ಬಿಳಿ ಟೊಪ್ಪಿಯ ಹರಿಶ್ಚಂದ್ರರು, ಅವರ ಹಿಂದೆ ಪುಂಡರೀಕಾಕ್ಷರು, ಆಮೇಲೆ ಟಿಣ್ ಟಿಣ್ ಎನ್ನುವ ಸೈಕಲ್ಲುಗಳ ಉದ್ದ ಸಾಲು. ಸುಜನ್ ಒಂದು ಹಾಲಿನವನ ಸೈಕಲ್ಲನ್ನು ತುಳಿಯುತ್ತಿದ್ದ. ಪೂಜಿತಾ ಅದರ ಹಿಂದೆ ಕೂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದಳು.

ಗಾಳಿ ತಣ್ಣಗಿತ್ತು. ಕೋಟಿನ ಕುಚ್ಚು ಹಾರಾಡುತ್ತಿತ್ತು. ಮುಂಡಪ್ಪನವರಿಗೆ ತಮ್ಮ ಅಜ್ಜ ನಿಜಕ್ಕೂ ಹೀಗೆಯೇ ಹೋಗುತ್ತಿದ್ದಿರಬೇಕು ಎಂಬ ನಂಬಿಕೆ ಬರತೊಡಗಿತು. ಸೆಕ್ಟರಿನ ಕಟ್ಟಡಗಳ ನಡುವೆ ತಿರುಗಿದಾಗ ಹಿಂದಿನಿಂದ ಹರಿಶ್ಚಂದ್ರರು ಕೂಗಿದರು: "ಬೀಗರೇ, ನಮ್ಮ ರಸ್ತೆ ಬಂತು! ಹಾರ್ನ್ ಹೊಡೆಯಿರಿ! ಎಲ್ಲರೂ ಎದ್ದು ನೋಡಲಿ!"

ಮುಂಡಪ್ಪನವರು ರಬ್ಬರಿನ ಉಂಡೆಯನ್ನು ಕೈತುಂಬ ಹಿಡಿದು ಹಿಂಡಿದರು.

ಪೋಂ ಪೋಂ! ಪೋಂ ಪೋಂ!

ಮೊದಲು ಬಂದದ್ದು ಒಂದು ಕಂದು ನಾಯಿ. ಅದು ಬಾಲ ಅಲ್ಲಾಡಿಸುತ್ತ ಮುಂಡಪ್ಪನವರ ಚಕ್ರದ ಪಕ್ಕದಲ್ಲೇ ಓಡತೊಡಗಿತು. ಆಮೇಲೆ ಒಂದು ಕಿಟಕಿ ತೆರೆಯಿತು. ಆಮೇಲೆ ಎಲ್ಲ ಕಿಟಕಿಗಳೂ ತೆರೆದವು.

"ಅಣ್ಣಾ! ಓ ಅಣ್ಣಾ! ಥಾಂಬಾ!" ನಿಲ್ಲಿ ನಿಲ್ಲಿ ಎಂದು ಮರಾಠಿಯಲ್ಲಿ ಕೂಗು.

"ನೋಡಿ, ನೋಡಿ, ಹೇಗೆ ಕರೀತಾರೆ!" ಎಂದು ಹರಿಶ್ಚಂದ್ರರು ಬಿಳಿ ಟೊಪ್ಪಿ ಎತ್ತಿ ಕಿಟಕಿಗಳಿಗೆ ನಮಸ್ಕರಿಸಿದರು. ಉತ್ಸಾಹಗೊಂಡ ಮುಂಡಪ್ಪನವರು ಮತ್ತೆ ಹಾರ್ನ್ ಹಿಂಡಿದರು. ಕಟ್ಟಡಗಳಿಂದ ಹೆಂಗಸರು ಇಳಿದು ಬಂದರು. ನೈಟಿಯ ಮೇಲೆ ಟವೆಲು ಹೊದ್ದವರು, ಕೂದಲಿಗೆ ಎಣ್ಣೆ ಹಚ್ಚಿಕೊಂಡವರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸ್ಟೀಲಿನ ಪಾತ್ರೆ.

"ಪಾತ್ರೆ ತಗೊಂಡು ಸ್ವಾಗತ ಮಾಡೋ ಪದ್ಧತಿ ಇದ್ಯಾ ಇಲ್ಲಿ?" ಎಂದು ಪುಂಡರೀಕಾಕ್ಷರು ಬೆರಗಾದರು. "ಆರತಿ ತರಾ?" ಅವರ ಹಿಂದಿದ್ದ ನಿವೃತ್ತ ಕರ್ನಲರೊಬ್ಬರು ಅಡ್ಡ ಬಂದ ಹೆಂಗಸಿನ ಪಾತ್ರೆಯೊಳಗೆ ಭಕ್ತಿಯಿಂದ ಒಂದು ನಾಣ್ಯ ಹಾಕಿ ಕೈಮುಗಿದರು. ಆಕೆ ಪಾತ್ರೆಯೊಳಗೆ ನೋಡಿ, ಕರ್ನಲರ ಮುಖ ನೋಡಿ, ಅವರ ಸೈಕಲ್ಲಿನ ಹ್ಯಾಂಡಲು ಹಿಡಿದು ನಿಲ್ಲಿಸಿದಳು.

ಅಷ್ಟರಲ್ಲಿ ದಪ್ಪ ಕನ್ನಡಕದ ಒಬ್ಬಾಕೆ ಮುಂಡಪ್ಪನವರ ದಾರಿಗೇ ಅಡ್ಡ ನಿಂತಿದ್ದಳು. "ಕಾಯ್ ಅಣ್ಣಾ, ಕಾಲ್ ಕಾ ನಾಹೀ ಆಲಾತ್?" ನಿನ್ನೆ ಯಾಕೆ ಬರಲಿಲ್ಲ ಎಂದು ಆಕೆಯ ಆಕ್ಷೇಪ. ನಂತರ ಪೇಟವನ್ನೂ ಪದಕಗಳನ್ನೂ ಮೇಲಿಂದ ಕೆಳಗೆ ನೋಡಿ, ಪಕ್ಕದವಳಿಗೆ, "ಅಣ್ಣಾಚೆ ಲಗ್ನ ಆಹೇ ವಾಟತೆ," ಎಂದಳು. ಇಡ್ಲಿಯವನಿಗೆ ಇವತ್ತು ಮದುವೆಯಿರಬೇಕು ಎಂದು ಸುದ್ದಿ ಮೂರನೇ ಮಹಡಿಗೂ ತಲುಪಿತು. ಮೇಲಿನಿಂದ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಭೋಂಪು ಒತ್ತಬೇಡಿ ಎಂದ ಹಣಮಂತ್ರಾಯನ ಮಾತು ಈಗ ಮುಂಡಪ್ಪನವರ ಕಿವಿಯೊಳಗೆ ಇಳಿಯಿತು. ಇಳಿದು ಓಡೋಣವೆಂದರೆ ಹತ್ತಿರ ಗೋಡೆಯಿರಲಿಲ್ಲ. ಸುತ್ತ ನಿಂತ ಹೆಂಗಸರೇ ಆಸರೆಯಾಗಿ ಸೈಕಲ್ಲು ಬೀಳದೆ ನೆಟ್ಟಗೆ ನಿಂತಿತ್ತು. "ಮೈ ಇಡ್ಲಿವಾಲಾ ನಹೀ ಹೂಂ," ಎಂದರು ಕ್ಷೀಣವಾಗಿ. "ಮೈ ದಿವಾನ್ ಹೂಂ."

"ದೋನ್ ಪ್ಲೇಟ್ ದ್ಯಾ," ಎಂದಳು ಕನ್ನಡಕದವಳು. ಎರಡು ಪ್ಲೇಟ್ ಕೊಡಿ ಎಂದು.

"ಎಂತ ಬೀಗರೇ ಇದು?" ಎಂದು ಹರಿಶ್ಚಂದ್ರರು ಸೈಕಲ್ಲು ಇಳಿದು ನುಗ್ಗಿ ಬಂದರು. "ಇವರೆಲ್ಲ ಇಡ್ಲಿ ಯಾಕೆ ಕೇಳುವುದು ನಿಮ್ಮ ಹತ್ರ?"

ಮುಂಡಪ್ಪನವರು ಬಾಯಿ ತೆರೆದರು. ಆ ಕ್ಷಣಕ್ಕೆ ಹರಿಶ್ಚಂದ್ರರ ಮೂಗಿನ ಮುಂದೆ, ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಒಂದು ಬಟ್ಟೆಯ ಚೀಲ ತೂಗಾಡುತ್ತ ಇಳಿದು ನಿಂತಿತು. ಚೀಲದೊಳಗಿಂದ ಸ್ಟೀಲಿನ ಡಬ್ಬಿಯ ಅಂಚು ಕಾಣುತ್ತಿತ್ತು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು. ಹರಿಶ್ಚಂದ್ರರು ಕಣ್ಣು ಕಿರಿದು ಮಾಡಿ ಓದಿದರು. ಅದು ಅವರದೇ ಹೆಸರಾಗಿತ್ತು.

ಎರಡನೇ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಒಂದು ಕೈ ಮಾತ್ರ ಹೊರಗಿತ್ತು. ದನಿ ಒಳಗಿಂದ ಬಂತು.

"ಹಣಮಂತಾ, ಬೇಗ ಹಾಕು ಮಾರಾಯ! ಮನೆಗೆ ಬೀಗಿತ್ತಿ ಬಂದಿದ್ದಾರೆ. ಸಾಹೇಬರಿಗೆ ಬೇರೆ ಎತ್ತಿಡಬೇಕು. ನಿನ್ನೆ ನೀನು ಬಾರದೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮಲಗಿದೆ ನಾನು. ಚಟ್ನಿಗೆ ನೀರು ಹಾಕಬೇಡ, ನಾನು ಮಾಡಿದ್ದಲ್ಲ ಅಂತ ಅವರಿಗೆ ಗೊತ್ತಾಗ್ತದೆ!"

ರಸ್ತೆಯಲ್ಲಿ ಕನ್ನಡ ಬಲ್ಲವರು ಕಡಿಮೆ. ಬಲ್ಲವರೆಲ್ಲ ಆ ಕಿಟಕಿಯ ಕೆಳಗೇ ನಿಂತಿದ್ದರು.

"ರಮಾಮಣೀ..." 

ಕೈ ಒಳಗೆ ಹೋಯಿತು. ಮುಖ ಹೊರಗೆ ಬಂತು. ಅದರ ಪಕ್ಕದಲ್ಲಿ ಪುಷ್ಪಾವತಿಯವರ ಮುಖವೂ ಬಂತು. ರಮಾಮಣಿಯವರು ಗಂಡನ ಬಿಳಿ ಟೊಪ್ಪಿಯನ್ನೂ ಚೀಲವನ್ನೂ ನೋಡಿ, "ಅಯ್ಯೋ ದೇವರೇ," ಎಂದು ಹಗ್ಗವನ್ನು ಬಿಟ್ಟೇಬಿಟ್ಟರು. ಡಬ್ಬಿ ಹರಿಶ್ಚಂದ್ರರ ಕೈಗೆ ಬಿತ್ತು, ಹಗ್ಗ ಬಂದು ಅವರ ಕೊರಳಿಗೆ ಮಾಲೆಯಾಗಿ ಬಿತ್ತು.

ಇಂಥ ಹೊತ್ತಿನಲ್ಲಿ ಒಂದು ಆಟೋ ಭರ್ರನೆ ಬಂದು ನಿಂತಿತು. ಅದರೊಳಗೆ ಹಬೆಯಾಡುವ ದೊಡ್ಡ ಪಾತ್ರೆ, ಪಾತ್ರೆಯ ಆಚೆ ಮರೆಮ್ಮ, ಈಚೆ ಹಣಮಂತ್ರಾಯ. ಮೈದಾನಕ್ಕೆ ಹೊರಟಿದ್ದವರಿಗೆ ದಾರಿಯಲ್ಲೇ ತಮ್ಮ ಸೈಕಲ್ಲು, ತಮ್ಮ ಗಿರಾಕಿಗಳು, ಜೊತೆಗೆ ಹಸಿದು ನಿಂತ ಹೊಸ ಜನ, ಎಲ್ಲ ಒಂದೇ ಕಡೆ ಸಿಕ್ಕಿದರು.

"ಸಾಹೇಬ್ರ!" ಎಂದು ಹಣಮಂತ್ರಾಯ ಕೂಗಿದ್ದಕ್ಕೆ ನಾಯಿ ಕೂಡ ಹಿಂದೆ ಸರಿಯಿತು. "ಇಷ್ಟು ಮಂದೀನ ನಾ ಹುಟ್ಟಿದಾಗಿಂದ ಕೂಡ್ಸಿಲ್ರಿ! ಏನ್ ಕೈಗುಣ ರೀ ನಿಮ್ದು!" ಎನ್ನುತ್ತ ಪಾತ್ರೆಯನ್ನು ಎತ್ತಿ ತಂದು ಕ್ಯಾರಿಯರಿನ ಬಳೆಯೊಳಗೆ ಇಳಿಸಿದ. ಠಣ್ ಎಂದು ಅದು ಹೇಳಿ ಮಾಡಿಸಿದಂತೆ ಕೂತಿತು. ಚಟ್ನಿಯ ಕ್ಯಾನು ಲಾಟೀನಿನ ಕೊಕ್ಕೆಗೆ ಹೋಯಿತು.

ಪುಂಡರೀಕಾಕ್ಷರು ಭೂತಗನ್ನಡಿಯನ್ನು ಕೆಳಗಿಳಿಸಿದರು. "ಅಂದ್ರೆ... ಹ್ಯಾಟು?"

"ಹ್ಯಾಟಲ್ರಿ ಯಪ್ಪಾ. ಇಡ್ಲಿ," ಎಂದಳು ಮರೆಮ್ಮ.

ಹರಿಶ್ಚಂದ್ರರು ಹಗ್ಗದ ಮಾಲೆಯಲ್ಲೇ ಮುಂಡಪ್ಪನವರ ಕಡೆ ತಿರುಗಿದರು. ಪೂಜಿತಾಳ ಕೈಯಲ್ಲಿದ್ದ ಮೊಬೈಲು ಕೆಳಗಿಳಿಯಿತು. ಸುಜನ್ ಅವಳ ಪಕ್ಕಕ್ಕೆ ಸರಿದು ನಿಂತ. ಈ ಮದುವೆಯ ಭವಿಷ್ಯವೆಲ್ಲ ಈಗ ಒಬ್ಬ ಮನುಷ್ಯನ ಬಾಯಿಂದ ಏನು ಹೊರಡುತ್ತದೆ ಎಂಬುದರ ಮೇಲೆ ನಿಂತಿತ್ತು.

"ಮುಂಡಪ್ಪಣ್ಣ," ಎಂದರು ಹರಿಶ್ಚಂದ್ರರು ನಿಧಾನವಾಗಿ. ಬೀಗರು ಹೋಗಿ ಅಣ್ಣ ಬಂದಿದ್ದ. "ನಿಮ್ಮ ಅಜ್ಜ..."

"ಕೋಣ ಓಡಿಸುತ್ತಿದ್ದರು," ಎಂದರು ಮುಂಡಪ್ಪನವರು. ಸೀಟಿನ ಮೇಲೆ ಕೂತೇ ಹೇಳಬೇಕಾಯಿತು. "ಸೈಕಲ್ಲು ಈತನದ್ದು. ನಿಮ್ಮ ಹಾಲ್‌ನಲ್ಲಿ ಕೂತಾಗ ನನ್ನ ಅಜ್ಜ ಪಾಪದವನ ಹಾಗೆ ಕಂಡ. ಅದಕ್ಕೆ ಒಂದು ಸೈಕಲ್ ಕೊಟ್ಟೆ ಅವನಿಗೆ. ತಪ್ಪು ನನ್ನದು, ಮಗುವಿನದ್ದಲ್ಲ."

ಹರಿಶ್ಚಂದ್ರರು ಮೇಲೆ ನೋಡಿದರು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಡಬ್ಬಿ ನೋಡಿದರು. ಪಾತ್ರೆಯ ಮುಚ್ಚಳ ಎತ್ತಿ ಒಂದು ಇಡ್ಲಿ ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದರು. ಇಡೀ ಮೆರವಣಿಗೆ ಆ ಬಾಯನ್ನೇ ನೋಡುತ್ತಿತ್ತು.

"ಇದೇ," ಎಂದರು ಕೊನೆಗೆ. "ಇಷ್ಟು ವರ್ಷ ನಾನು ತಿಂದು ಹೊಗಳಿದ್ದು ಇದನ್ನೇ. ಎಷ್ಟು ಜನರಿಗೆ ಹೇಳಿದ್ದೆ ಮಾರಾಯ್ರೆ!" ಆಮೇಲೆ ಮುಂಡಪ್ಪನವರ ಕಿವಿಯ ಹತ್ತಿರ ಬಂದು, "ಆ ಗ್ರಾಮೊಫೋನು ಚೋರ್ ಬಜಾರಿನಲ್ಲಿ ಹಳೇ ಸಾಮಾನಿನವನಿಂದ ಕೊಂಡದ್ದು. ನನ್ನ ಅಜ್ಜನಿಗೆ ಕಿವಿಯೇ ಕೇಳುತ್ತಿರಲಿಲ್ಲ," ಎಂದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಹರಿಶ್ಚಂದ್ರರ ಹೊಟ್ಟೆ ಕುಣಿಯಿತು. ಆಮೇಲೆ ಮುಂಡಪ್ಪನವರ ಪದಕಗಳು ಕುಣಿದವು. ನಗು ತಡೆಯಲಾರದೆ ಮುಂಡಪ್ಪನವರು ಸೈಕಲ್ಲಿನಿಂದ ಜಾರಿದರು, ಕನ್ನಡಕದ ಹೆಂಗಸೇ ಅವರನ್ನು ಭುಜ ಹಿಡಿದು ನೆಲಕ್ಕೆ ಇಳಿಸಿಕೊಟ್ಟಳು.

"ಮತ್ತ ನಗೋದು ಆಮ್ಯಾಲ ರೀ, ಮಂದಿ ಕಾಯಾಕತ್ತಾರ!" ಎಂದು ಹಣಮಂತ್ರಾಯ ಗದರಿದ. ಅವನೂ ಮರೆಮ್ಮನೂ ಎರಡೆರಡು ಕೈಯಿಂದ ಎಷ್ಟೆಂದು ಬಡಿಸಿಯಾರು? ಒಂದು ಕಡೆ ಪಾತ್ರೆ ಚಾಚಿದ ಹೆಂಗಸರು, ಇನ್ನೊಂದು ಕಡೆ ಹಸಿದ ಸೈಕಲ್ ಸವಾರರು. ಹರಿಶ್ಚಂದ್ರರು ಒಂದು ನಿಮಿಷ ನೋಡಿದರು, ಆಮೇಲೆ ಅವರಿಗೆ ತಡೆಯಲಾಗಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಹೋಟೆಲಿನಲ್ಲಿ ಬಡಿಸುತ್ತಿದ್ದವರು ಅವರು. ಕೊರಳಿನ ಹಗ್ಗ ತೆಗೆದು, ಬಿಳಿ ಟೊಪ್ಪಿಯನ್ನು ಮರೆಮ್ಮನ ತಲೆಯ ಮೇಲಿಟ್ಟು, ತೋಳು ಮಡಚಿ ನಿಂತರು. ಎಡಗೈಯ ಉದ್ದಕ್ಕೂ ತಟ್ಟೆ ಜೋಡಿಸಿ ಬಲಗೈಯಿಂದ ಇಡ್ಲಿ ಎಸೆದರೆ ಒಂದೊಂದೂ ತನ್ನ ತಟ್ಟೆಯನ್ನು ತಾನೇ ಹುಡುಕಿಕೊಂಡು ಹೋಗಿ ಕೂರುತ್ತಿತ್ತು.

"ಯಾರಿಗೆ ಸಾಂಬಾರು? ಯಾರಿಗೆ? ಬೀಗರೇ, ಆ ಬದಿ ಚಟ್ನಿ ನೋಡಿ!"

ಬೀಗರು ಮರಳಿ ಬಂದಿದ್ದರು. ಮುಂಡಪ್ಪನವರು ಚಟ್ನಿಯ ಸೌಟು ಹಿಡಿದರು. ನಡುನಡುವೆ ಕೈ ಬಿಡುವಾದಾಗ ಹಾರ್ನನ್ನೂ ಹಿಂಡಿದರು, ಆಚೆ ಬೀದಿಯವರೂ ಬಂದರು. ಪುಂಡರೀಕಾಕ್ಷರು ತಮ್ಮ ತಟ್ಟೆಯನ್ನು ಮತ್ತೆ ಚಾಚಿ, "ಗ್ರೀಸು ಇನ್ನೊಂಚೂರು ಹಾಕಿ ಸಾರ್," ಎಂದರು. ಸವಾರಿ ಐರೋಲಿಯವರೆಗೆ ಹೋಗಬೇಕಿತ್ತು ಎಂಬುದು ಯಾರಿಗೂ ನೆನಪಾಗಲಿಲ್ಲ.

ಪಾತ್ರೆಯ ತಳ ಕಂಡಾಗ ಹರಿಶ್ಚಂದ್ರರು ಸೊಂಟ ನೆಟ್ಟಗೆ ಮಾಡಿ ಬೆವರು ಒರೆಸಿಕೊಂಡರು. ಅಷ್ಟು ಖುಷಿಯಲ್ಲಿ ಅವರನ್ನು ಸುಜನ್ ಯಾವತ್ತೂ ನೋಡಿರಲಿಲ್ಲ. ಕಟ್ಟಡದ ಕಾಂಪೌಂಡಿನ ಕಟ್ಟೆಯ ಮೇಲೆ ರಮಾಮಣಿ, ಪುಷ್ಪಾವತಿ ಇಬ್ಬರೂ ಒಂದೇ ತಟ್ಟೆಯಿಂದ ಇಡ್ಲಿ ತಿನ್ನುತ್ತ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು.

"ಎಂತ ನಗು ಅದು?" ಎಂದು ಹರಿಶ್ಚಂದ್ರರು ಜೋರು ಮಾಡಿದರು. ಆ ಜೋರಿನಲ್ಲಿ ಎಂದಿನ ಖಾರ ಉಳಿದಿರಲಿಲ್ಲ.

"ಎಂತ ಇಲ್ಲ," ಎಂದರು ರಮಾಮಣಿ. "ಮೇ ತಿಂಗಳಲ್ಲಿ ಮದುವೆ. ಥಾಣೆಯಲ್ಲೇ ಹಾಲ್ ನೋಡುವುದು. ಊರಿನವರಿಗೆ ಬರ್ಲಿಕ್ಕೂ ರಜೆ ಇರ್ತದೆ."

ಇಬ್ಬರು ಗಂಡಸರೂ ಒಟ್ಟಿಗೆ ಬಾಯಿ ತೆರೆದರು. "ಯಾರ ಹತ್ರ ಕೇಳಿ ನಿಶ್ಚಯ ಮಾಡಿದ್ದು?"

"ಕೇಳುವ ಅಂತಲೇ ಕೆಳಗೆ ಇಳಿದು ಬಂದದ್ದು," ಎಂದರು ಪುಷ್ಪಾವತಿ. "ನೋಡಿದ್ರೆ ನೀವಿಬ್ಬರೂ ವ್ಯಾಪಾರದಲ್ಲಿದ್ರಿ. ಗಿರಾಕಿಗಳ ಎದುರು ಮನೆ ವಿಷಯ ಯಾಕೆ ಅಂತ ನಾವೇ ಮುಗಿಸಿದೆವು."

ಅಷ್ಟರಲ್ಲಿ ಮೂರನೇ ಮಹಡಿಯಿಂದ ಒಬ್ಬಾಕೆ ಬಗ್ಗಿ, ಮುಂಡಪ್ಪನವರ ಜರಿ ಪೇಟದ ಕಡೆ ಕೈ ಬೀಸಿ ಕೂಗಿದಳು: "ಅಣ್ಣಾ, ಉದ್ಯಾ ಲವಕರ್ ಯಾ!" ನಾಳೆ ಬೇಗ ಬನ್ನಿ ಎಂದು.

ಕೈಯಲ್ಲಿ ಸೌಟು, ಎದೆಯ ಮೇಲೆ ಮೂರು ಪದಕ, ಎದುರಿಗೆ ತುಂಬಿದ ಸಭೆ. ಮುಂಡಪ್ಪನವರ ಸೌಜನ್ಯ ಮತ್ತೆ ತಲೆಯೆತ್ತಿತು.

"ಹೋ ತಾಈ!" ಎಂದು ಅವರು ಸರಿಯಾಗಿ ಆರು ಗಂಟೆಗೆ ಬರುವ ಮಾತು ಕೊಟ್ಟುಬಿಟ್ಟರು. "ಬರೋಬರ್ ಸಹಾ ವಾಜತಾ!"